ಕಾದು ಕೂತ ರಾಕ್ಷಸ

ಲೋಕವನ್ನೇ ನುಂಗಲು ಬಂದ ಘಟಸರ್ಪ ಎಲ್ಲೋ ಬೆಟ್ಟದಾಚೆ ಸುತ್ತು ಹಾಕುತ್ತಿತ್ತು. ನಾನು ಬಾಕು ಬಡಿಯುತ್ತಿದ್ದೆ.

ಒಂದೆರಡಲ್ಲ. ನಾನು ಆಡುತ್ತಿದ್ದ ವಿಡಿಯೋ ಆಟದಲ್ಲಿ ವೈಟ್‌ರನ್ ಎಂಬ ಊರಿನ ಹೆಬ್ಬಾಗಿಲು ದಾಟಿದೊಡನೆ ಬಲಗಡೆ ಒಂದು ಕುಲುಮೆ ಇದೆ. ಅದರ ಮುಂದೆ ಮೂರು ಸಂಜೆಯಿಂದ ನಿಂತಿದ್ದೆ. ಒಂದು ಕಬ್ಬಿಣದ ಗಟ್ಟಿ, ಒಂದು ತೊಗಲಿನ ಪಟ್ಟಿ, ಒಂದು ಬಾಕು. ಮತ್ತೊಂದು ಗಟ್ಟಿ, ಮತ್ತೊಂದು ಪಟ್ಟಿ, ಮತ್ತೊಂದು ಬಾಕು. ಮಾಡಿದ್ದನ್ನು ಪಕ್ಕದ ಅಂಗಡಿಗೇ ಮಾರುವುದು, ಬಂದ ದುಡ್ಡಿನಲ್ಲಿ ಅಲ್ಲೇ ಕಬ್ಬಿಣ ಕೊಳ್ಳುವುದು. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ, ಕೈಯಲ್ಲಿ ಹುರುಳಿಕಾಯಿ ಹಿಡಿದುಕೊಂಡೇ ಹಿಂದೆ ನಿಂತು ನೋಡಿದಳು.

"ಎಂತದೋ ಅದು? ಅಷ್ಟು ಕತ್ತಿ ಯಾರಿಗೆ?"

"ಯಾರಿಗೂ ಅಲ್ಲ ಅಮ್ಮ. ಕೈ ಪಳಗಲಿ ಅಂತ."

"ಪಳಗಿದ ಮೇಲೆ?"

"ಒಂದು ಡ್ರ್ಯಾಗನ್ ಇದೆ. ಅದನ್ನ ಕೊಲ್ಲಬೇಕು."

"ಅದು ಅಲ್ಲೀವರೆಗೆ ಎಂತ ಮಾಡ್ತದೆ?"

"ಕಾಯ್ತಾ ಇರ್ತದೆ."

"ಪಾಪ" ಅಂದಳು ಅಮ್ಮ, ಹುರುಳಿಕಾಯಿಯ ನಾರು ತೆಗೆಯುತ್ತಾ.

ಆಟದ ಹೆಸರು ಸ್ಕೈರಿಮ್. ಬಂದದ್ದು 2011ರ ನವೆಂಬರ್ 11ಕ್ಕೆ. ನನಗೆ ಸಿಕ್ಕಿದ್ದು ಎಷ್ಟೋ ವರ್ಷ ಕಳೆದು, ರಿಯಾಯಿತಿಯಲ್ಲಿ. ಅದರಲ್ಲಿ ಕಲಿಯಬೇಕಾದ ವಿದ್ಯೆಗಳು 18. ನಮ್ಮ ಅರವತ್ತನಾಲ್ಕಕ್ಕೆ ಹೋಲಿಸಿದರೆ ಹಗುರವಾದ ಸಿಲಬಸ್ಸು. ಆರು ಯೋಧನಿಗೆ, ಆರು ಮಂತ್ರವಾದಿಗೆ, ಆರು ಕಳ್ಳನಿಗೆ. ಜೇಬು ಕತ್ತರಿಸುವುದಕ್ಕೂ ಕತ್ತಿವರಸೆಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ಗುರುಕುಲ ಇನ್ನೆಲ್ಲಿದೆಯೋ ಕಾಣೆ. ಪ್ರತಿ ವಿದ್ಯೆಗೂ ನೂರು ಮೆಟ್ಟಿಲು, ಮೆಟ್ಟಿಲು ಹತ್ತುವ ನಿಯಮ ಒಂದೇ: ಮಾಡಿದರೆ ಬರುತ್ತದೆ. ಕತ್ತಿ ಬೀಸಿದರೆ ಕತ್ತಿ ಒಲಿಯುತ್ತದೆ, ಬೀಗ ಕೆದಕಿದರೆ ಬೀಗ. ಕವಚ ತೊಡುವ ವಿದ್ಯೆ ಬರುವುದು ಮಾತ್ರ ಏಟು ತಿಂದು. ನಮ್ಮ ಪ್ರೈಮರಿ ಶಾಲೆಯ ಬೆತ್ತದ ಮೇಷ್ಟ್ರು ಇದನ್ನು ಕೇಳಿದ್ದರೆ ತಮ್ಮ ಬೋಧನಾಕ್ರಮಕ್ಕೆ ಕೊನೆಗೂ ಶಾಸ್ತ್ರಾಧಾರ ಸಿಕ್ಕಿತೆಂದು ಹಿಗ್ಗುತ್ತಿದ್ದರು.

ಎಲ್ಲ ಆಟಗಳೂ ಹೀಗಿಲ್ಲ. 1974ರಲ್ಲಿ ಅಮೆರಿಕದಲ್ಲಿ ಮೇಜಿನ ಮೇಲೆ ದಾಳ ಹಾಕಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತಲ್ಲ, ಅಲ್ಲಿ ರಾಕ್ಷಸರನ್ನು ಕೊಂದರೆ, ನಿಧಿ ಹೊತ್ತು ತಂದರೆ ಅನುಭವದ ಅಂಕ. ಅಂಕ ಕೂಡಿದರೆ ಲೆವೆಲ್ಲು. ಆ ವಂಶದಲ್ಲಿ ಹುಟ್ಟಿದ ಎಷ್ಟೋ ವಿಡಿಯೋ ಆಟಗಳಲ್ಲಿ ನೆಲಮಾಳಿಗೆಯ ಹತ್ತು ಇಲಿ ಹೊಡೆದವನು ಒಂದು ಲೆವೆಲ್ಲು ಏರುತ್ತಾನೆ, ಸಿಕ್ಕ ಅಂಕವನ್ನು ಮಾತುಗಾರಿಕೆಗೆ ಹಾಕಿಕೊಳ್ಳುತ್ತಾನೆ. ಇಲಿ ಸತ್ತದ್ದಕ್ಕೂ ನಾಲಿಗೆ ಹರಿತವಾದದ್ದಕ್ಕೂ ಏನು ಸಂಬಂಧವೆಂದು ಯಾರೂ ಕೇಳುವುದಿಲ್ಲ. ಅಮ್ಮನಿಗೆ ಇದನ್ನು ವಿವರಿಸಿದಾಗ ಅವಳು ಸುಲಭಕ್ಕೆ ಒಪ್ಪಲಿಲ್ಲ. ಮದುವೆಯಾಗಿ ಬಂದ ವರ್ಷ ಅವಳು ತಟ್ಟಿದ ಅಕ್ಕಿರೊಟ್ಟಿಗಳಲ್ಲಿ ಭೂಪಟದ ಎಲ್ಲ ದೇಶಗಳೂ ಇದ್ದವಂತೆ. ಗುಂಡಗಾದದ್ದು ತಟ್ಟಿ ತಟ್ಟಿಯೇ. "ಪಲ್ಯ ಚೆನ್ನಾಗಿ ಮಾಡಿದ್ದಕ್ಕೆ ರೊಟ್ಟಿ ಗುಂಡಗಾಗ್ತದನಾ?" ಅಂದಳು. ಸ್ಕೈರಿಮ್ ಮಾಡಿದವರದ್ದೂ ಅಮ್ಮನದ್ದೂ ಒಂದೇ ಪಕ್ಷ.

ಆದರೆ ಇಷ್ಟು ಪ್ರಾಮಾಣಿಕವಾದ ನಿಯಮ ನಮ್ಮಂಥವರ ಕೈಗೆ ಸಿಕ್ಕಿದರೆ ಏನಾಗುತ್ತದೆ? ಮಾಡಿದರೆ ಬರುತ್ತದೆ ಅಂದಮೇಲೆ ಎಲ್ಲಕ್ಕಿಂತ ಅಗ್ಗದ್ದನ್ನು ಎಲ್ಲಕ್ಕಿಂತ ಹೆಚ್ಚು ಸಲ ಮಾಡುತ್ತೇವೆ. ಅದಕ್ಕೇ ಬಾಕು. ಶುರುವಿನಲ್ಲಿ ಎರಡು ಕಾಸಿನ ಬಾಕು ಬಡಿದು ಬಡಿದೇ ಜನ ಮಹಾ ಕಮ್ಮಾರರಾಗಿಬಿಟ್ಟರು. ಕೊನೆಗೆ ತಯಾರಕರು ಒಂದು ಪ್ಯಾಚ್ ಬಿಟ್ಟು, ಮಾಡಿದ ವಸ್ತುವಿನ ಬೆಲೆ ನೋಡಿ ವಿದ್ಯೆ ಏರುವಂತೆ ತಿದ್ದಬೇಕಾಯಿತು. ಅಡಗಿ ನಡೆಯುವ ವಿದ್ಯೆಯದ್ದು ಇನ್ನೊಂದು ಕಥೆ. ಆಟದ ಮೊದಲ ಗುಹೆಯಲ್ಲಿ, ಪ್ರಾಣ ಉಳಿಸಿ ಕರೆದೊಯ್ಯುತ್ತಿರುವ ಸ್ನೇಹಿತನ ಬೆನ್ನ ಹಿಂದೆಯೇ ಕುಕ್ಕರುಗಾಲಲ್ಲಿ ಕೂತು, ಗೋಡೆಗೆ ಮುಖ ಮಾಡಿ ಗುಂಡಿ ಒತ್ತಿಟ್ಟು, ತಾವು ಎದ್ದು ಕಾಫಿಗೆ ಹೋಗುವವರಿದ್ದಾರೆ. ಆ ಬಡಪಾಯಿ ಕಾಯುತ್ತಾ ನಿಂತಿರುತ್ತಾನೆ. ಇವರು ಮರಳಿ ಬರುವಷ್ಟರಲ್ಲಿ ನೆರಳಿಗಿಂತ ಹಗುರವಾಗಿ ನಡೆಯಬಲ್ಲ ಕಳ್ಳರಾಗಿರುತ್ತಾರೆ.

ಸ್ಕೈರಿಮ್‌ನ ಹಿರಿಯಣ್ಣ, ಅದೇ ಸರಣಿಯ ಹಿಂದಿನ ಆಟ ಮಾರೋವಿಂಡ್, 2002ರದ್ದು. ಅಲ್ಲಿ ವಿದ್ಯೆಗಳು 27, ನೆಗೆಯುವುದೂ ಅವುಗಳಲ್ಲೊಂದು. ಹಾಗಾಗಿ ಯಾರೂ ನಡೆಯುತ್ತಿರಲಿಲ್ಲ. ಊರಿಂದೂರಿಗೆ ಕಪ್ಪೆಯಂತೆ ಕುಪ್ಪಳಿಸುತ್ತಲೇ ಹೋಗುತ್ತಿದ್ದರು, ಇದೇ ಲೋಕೋದ್ಧಾರಕ್ಕೆ ಹುಟ್ಟಿಬಂದ ವೀರರು. ಇನ್ನೂ ಹಿಂದೆ, 1988ರ ಜಪಾನಿನ ಫೈನಲ್ ಫ್ಯಾಂಟಸಿ 2ರಲ್ಲಿ ಏಟು ತಿಂದಷ್ಟೂ ಆಯುಸ್ಸು ಗಟ್ಟಿಯಾಗುತ್ತಿತ್ತು. ಶತ್ರುಗಳ ಏಟಿಗೆ ಕಾಯುವ ತಾಳ್ಮೆ ಯಾರಿಗಿದೆ? ಗೆಳೆಯರು ಗೆಳೆಯರೇ ನಿಂತು ಒಬ್ಬರನ್ನೊಬ್ಬರು ಬಡಿದುಕೊಂಡು ಬಲಿಷ್ಠರಾಗುತ್ತಿದ್ದರು. ಎದುರಿಗೆ ನಿಂತ ಶತ್ರು ಆ ಹೊತ್ತಿನಲ್ಲಿ ಏನಂದುಕೊಳ್ಳುತ್ತಿದ್ದನೋ.

ಮಾರೋವಿಂಡ್‌ನಲ್ಲಿ ನನಗೆ ಅತ್ಯಂತ ಪ್ರಿಯನಾದವನು ವೀರನೂ ಅಲ್ಲ, ಖಳನೂ ಅಲ್ಲ. ಮೊದಲ ಊರು ಬಿಟ್ಟು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮೇಲಿಂದ ಒಂದು ಚೀರಾಟ ಕೇಳುತ್ತದೆ. ತಲೆಯೆತ್ತಿದರೆ ಒಬ್ಬ ಮಂತ್ರವಾದಿ ಆಕಾಶದಿಂದ ಉದುರುತ್ತಿರುತ್ತಾನೆ. ದಡ್ ಎಂದು ನಮ್ಮ ಮುಂದೆಯೇ ಬಿದ್ದು ಸಾಯುತ್ತಾನೆ. ಜೇಬಿನಲ್ಲಿ ಅವನೇ ಕಂಡುಹಿಡಿದ ಮಂತ್ರದ ಸುರುಳಿಗಳು: ನೆಗೆಯುವ ವಿದ್ಯೆಯನ್ನು ಒಂದೇ ಏಟಿಗೆ ಸಾವಿರ ಅಂಕ ಏರಿಸುತ್ತವೆ, ಆದರೆ ಏಳೇ ಸೆಕೆಂಡು. ಒಂದು ನೆಗೆತಕ್ಕೆ ಮೋಡ ಮುಟ್ಟಬಹುದು. ತೊಂದರೆಯೆಂದರೆ ಕೆಳಗಿಳಿದಾಗ ಮೈ ಮುರಿಯದಂತೆ ಕಾಯುವುದೂ ಅದೇ ವಿದ್ಯೆ, ಅದು ನೆಲ ಮುಟ್ಟುವ ಮೊದಲೇ ಮುಗಿದಿರುತ್ತದೆ. ಚಕ್ರವ್ಯೂಹದ ಒಳದಾರಿ ಮಾತ್ರ ಕೇಳಿಸಿಕೊಂಡ ಅಭಿಮನ್ಯುವಿನ ನೆನಪಾಗಿ, ನಾನು ಆ ಶವದ ಮುಂದೆ ಒಂದು ನಿಮಿಷ ನಿಂತೆ. ಆಮೇಲೆ ಆ ಸುರುಳಿಯನ್ನೇ ಓದಿ, ಅದೇ ರೀತಿ ಸತ್ತೆ.

ವಿದ್ಯೆಯ ಮಾತಾಯಿತು. ಅಮ್ಮನ ‘ಪಾಪ’ ಮಾತ್ರ ನನ್ನನ್ನು ಬಿಡಲಿಲ್ಲ. ನಾವು ಬಾಕು ಬಡಿಯುತ್ತೇವೆ, ಕುಪ್ಪಳಿಸುತ್ತೇವೆ, ಹೂವು ಕಿತ್ತು ಕಷಾಯ ಕಾಯಿಸುತ್ತೇವೆ. ಈ ಅವಧಿಯಲ್ಲಿ ಖಳನಾಯಕ ಏನು ಅಭ್ಯಾಸ ಮಾಡುತ್ತಾನೆ?

ಏನೂ ಇಲ್ಲ. ನಮ್ಮ ಪುರಾಣದ ರಾಕ್ಷಸರು ಈ ವಿಷಯದಲ್ಲಿ ಎಷ್ಟೋ ಮೇಲು. ಹಿರಣ್ಯಕಶಿಪು ಕಾಲಿನ ಹೆಬ್ಬೆರಳ ಮೇಲೆ ನಿಂತು ತಪಸ್ಸು ಮಾಡಿದ, ಮೈಗೆ ಹುತ್ತ ಕಟ್ಟಿಸಿಕೊಂಡ; ರಾವಣ ಒಂದೊಂದೇ ತಲೆ ಕಡಿದು ಹೋಮಕ್ಕೆ ಹಾಕಿದ. ಇಂದಿನ ಆಟಗಾರರ ಮಾತಿನಲ್ಲಿ ಹೇಳುವುದಾದರೆ ಅವರೆಲ್ಲ ಪ್ರಾಮಾಣಿಕವಾಗಿ ಗ್ರೈಂಡ್ ಮಾಡಿದವರು, ಅಂದರೆ ಒಂದೇ ಕೆಲಸವನ್ನು ಮಾಡಿ ಮಾಡಿ ಬಲಿತವರು. ಮಾರೋವಿಂಡ್‌ನ ಡಾಗಾತ್ ಉರ್ ಕೆಂಪು ಬೆಟ್ಟದ ಹೊಟ್ಟೆಯಲ್ಲಿ ಚಿನ್ನದ ಮುಖವಾಡ ಹಾಕಿಕೊಂಡು ಕೂತಿರುತ್ತಾನೆ. ಸತ್ತ ದೇವರೊಬ್ಬನ ಹೃದಯ ಅಲ್ಲಿದೆ, ಅವನ ಶಕ್ತಿಯೆಲ್ಲ ಅದರಿಂದ ಬಂದದ್ದು. ಆ ಹೃದಯದ ಕಟ್ಟು ಬಿಡಿಸುವವರೆಗೆ ಅವನಿಗೆ ಸಾವಿಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣ ಇಟ್ಟ ಅಜ್ಜಿಕಥೆಯ ಮಾಂತ್ರಿಕನ ಖಾಸಾ ದಾಯಾದಿ. ಆದರೂ ಅವನ ಸೌಜನ್ಯಕ್ಕೆ ನಾನು ಮಾರುಹೋಗಿದ್ದೇನೆ. ನಾವು ಮಲಗಿದಾಗ ಕನಸಿನಲ್ಲಿ ಬಂದು ಕರೆಯುತ್ತಾನೆ. ಕೊನೆಗೆ ಎದುರು ನಿಂತಾಗಲೂ ಮೊದಲು ಹೊಡೆಯುವುದಿಲ್ಲ, ಕೂರಿಸಿ ವಿಚಾರಿಸುವ ಹಿರಿಯರಂತೆ ಪ್ರಶ್ನೆ ಕೇಳುತ್ತಾನೆ: ನೀನು ನಿಜಕ್ಕೂ ಆ ಹಳೆಯ ಗೆಳೆಯನ ಪುನರ್ಜನ್ಮವೇ? ಗೆದ್ದರೆ ಈ ಹೃದಯವನ್ನು ಏನು ಮಾಡುತ್ತೀಯ? ನನ್ನ ಜೊತೆ ಸೇರಬಾರದೇ? ಹೆಣ್ಣು ನೋಡಲು ಹೋದ ಕಡೆಯೂ ನನ್ನನ್ನು ಯಾರೂ ಇಷ್ಟು ಮರ್ಯಾದೆಯಿಂದ ವಿಚಾರಿಸಿರಲಿಲ್ಲ.

ನಡುವಿನ ತಮ್ಮ ಒಬ್ಲಿವಿಯನ್, 2006ರದ್ದು, ಖಳರನ್ನೂ ಬೆಳೆಸಲು ಹೋಗಿ ಕೆಟ್ಟಿತು. ಅಲ್ಲಿ ನಾವು ಬಲಿತಂತೆ ಊರಿನ ಪುಡಿಗಳ್ಳರೂ ಬಲಿಯುತ್ತಾರೆ. ಸಾವಿರಾರು ಹೊನ್ನು ಬಾಳುವ ಗಾಜಿನ ಕವಚ ತೊಟ್ಟ ದರೋಡೆಕೋರ ರಸ್ತೆಯಲ್ಲಿ ಅಡ್ಡಗಟ್ಟಿ ನೂರೇ ನೂರು ಹೊನ್ನು ಕೇಳುತ್ತಾನೆ. ಮೈಮೇಲಿರುವುದನ್ನು ಮಾರಿ ಊರಲ್ಲಿ ತೋಟ ಮಾಡಿಕೊಂಡಿರಪ್ಪಾ ಎಂದು ಹೇಳೋಣವೆನಿಸುತ್ತದೆ. ಮಲಗಿ ಎದ್ದರೆ ಮಾತ್ರ ಲೆವೆಲ್ಲು ಏರುವುದು ಎಂಬ ನಿಯಮ ಕಂಡುಕೊಂಡ ಜಾಣರು ಆಟದುದ್ದಕ್ಕೂ ನಿದ್ದೆಯನ್ನೇ ಮಾಡದೆ, ಎಲ್ಲರನ್ನೂ ಚಿಕ್ಕವರಾಗಿಯೇ ಉಳಿಸಿದರು. ಅಷ್ಟೆಲ್ಲಾ ಆಗಿ ಕೊನೆಯ ಮಹಾರಾಕ್ಷಸನ ಮೇಲಿನ ಕೊನೆಯ ಏಟು ನಮ್ಮದಲ್ಲ. ಅದನ್ನು ಬೇರೊಬ್ಬರು ಹೊಡೆಯುತ್ತಾರೆ, ನಾವು ನೋಡುತ್ತಾ ನಿಲ್ಲುತ್ತೇವೆ.

ಇನ್ನು ನಮ್ಮ ಘಟಸರ್ಪ, ಆಲ್ಡುವಿನ್. ಮೊದಲ ದೃಶ್ಯವನ್ನು ಅಮ್ಮನಿಗೆ ತೋರಿಸಿದ್ದೆ. ನನ್ನ ಕೈ ಕಟ್ಟಿ, ತಲೆಯನ್ನು ಕೊರಡಿನ ಮೇಲೆ ಇಟ್ಟಾಗಿದೆ. ಕೊಡಲಿ ಮೇಲೇಳುತ್ತದೆ. ಅಷ್ಟರಲ್ಲಿ ಗೋಪುರದ ಮೇಲೆ ಕರಿಯ ರೆಕ್ಕೆ ಬಡಿದು ಅವನು ಇಳಿಯುತ್ತಾನೆ, ಬೆಂಕಿ, ಗದ್ದಲ, ಎಲ್ಲರೂ ಓಟ. ಆ ಗೊಂದಲದಲ್ಲಿ ನಾನು ಬದುಕುತ್ತೇನೆ. ಅಂದರೆ ನನ್ನ ಕುತ್ತಿಗೆ ಉಳಿಸಿದವನೇ ನಾನು ಕೊಲ್ಲಬೇಕಾದವನು. ಅಮ್ಮನಿಗೆ ಆ ಪ್ರವೇಶ ಮೆಚ್ಚುಗೆಯಾಯಿತು. "ಬಣ್ಣದ ವೇಷ ಬಂದ ಹಾಗೇ ಬಂತು ನೋಡು" ಅಂದಳು. ಮಳೆಗಾಲ ಬಿಟ್ಟರೆ ಮಿಕ್ಕ ದಿನ ಯಕ್ಷಗಾನದ ಆಟ ನೋಡುತ್ತಲೇ ಬೆಳೆದವಳು ಅವಳು. ನಡುರಾತ್ರಿ ಕಳೆದು, ಮಕ್ಕಳೆಲ್ಲ ನಿದ್ದೆಗೆ ಜಾರಿದ ಹೊತ್ತಿಗೆ ಚಂಡೆ ಏರಿ, ತೆರೆಯ ಹಿಂದಿನಿಂದ ಅಬ್ಬರ ಕೇಳಿ, ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟ ಮುಖ ಮೇಲೆದ್ದರೆ ಮಲಗಿದ್ದವರೆಲ್ಲ ಎದ್ದು ಅಮ್ಮಂದಿರ ಸೆರಗು ಹಿಡಿಯುತ್ತಿದ್ದರಂತೆ. ಆ ಮುಖ ಬರೆಯಲಿಕ್ಕೆ ಗಂಟೆಗಟ್ಟಲೆ. ಬಂದ ರಾಕ್ಷಸ ಕುಣಿಯದೆ, ಮಾತಾಡದೆ, ನಾಲ್ಕು ಜನರ ಬೆವರಿಳಿಸದೆ ಸಾಯುವವನಲ್ಲ.

ಆಲ್ಡುವಿನ್ ಸಾಯುತ್ತಾನೆ. ಈ ಆಟವನ್ನು ನಾನು ಆಡುತ್ತಿರುವುದು ಎರಡನೇ ಸಲ, ಆದ್ದರಿಂದ ಗೊತ್ತು. ಪೂರ್ವಕಾಲದ ಮೂವರು ವೀರರಿಗೆ ಅವನನ್ನು ಕೊಲ್ಲಲಾಗಲಿಲ್ಲ. ಒಂದು ಮಹಾಸುರುಳಿ ಬಿಚ್ಚಿ ಅವನನ್ನು ಕಾಲದಲ್ಲಿ ಮುಂದಕ್ಕೆ ಎಸೆದರು. ಕಡತವನ್ನು ಮುಂದೆ ಬರುವ ಅಧಿಕಾರಿಯ ಮೇಜಿಗೆ ದಾಟಿಸಿದಂತೆ. ಆ ಅಧಿಕಾರಿ ನಾನು. ಏಳು ಸಾವಿರ ಮೆಟ್ಟಿಲಿನ ಬೆಟ್ಟ ಹತ್ತಿ, ಅಲ್ಲಿನ ಮುನಿಗಳು ವರ್ಷಗಟ್ಟಲೆ ಧ್ಯಾನಿಸಿ ಗಳಿಸಿದ, ಕೂಗಿನಿಂದಲೇ ಹೊಡೆಯುವ ಘೋಷವಿದ್ಯೆಯನ್ನು ಕ್ಷಣದಲ್ಲಿ ಕಲಿತೆ. ಹೇಗೆಂದರೆ ಸತ್ತ ಡ್ರ್ಯಾಗನ್‌ಗಳ ಆತ್ಮ ನನ್ನೊಳಗೆ ಬಂದು ಸೇರುತ್ತದೆ. ಬಾಕು ಬಡಿಯುವ ಕೈಗೆ ನ್ಯಾಯವಾದ ಕೂಲಿ, ಕಂಠಕ್ಕೆ ಮಾತ್ರ ಪುಕ್ಕಟೆ ಊಟ. ಆಲ್ಡುವಿನ್ ವೀರಸ್ವರ್ಗಕ್ಕೆ ಹೋಗಿ ಸತ್ತವರ ಆತ್ಮ ತಿನ್ನುತ್ತಾನೆಂದು ಅವನ ಮೇಲೆ ದೂರು. ನಾನು ತಿಂದದ್ದನ್ನು ಯಾರೂ ಲೆಕ್ಕ ಇಟ್ಟಿಲ್ಲ. ಅದೇ ಬೆಟ್ಟದ ತುದಿಯಲ್ಲಿ ಪಾರ್ತುರ್‌ನಾಕ್ಸ್ ಎಂಬ ಮುದಿ ಡ್ರ್ಯಾಗನ್ ಇದ್ದಾನೆ. ಒಂದು ಕಾಲಕ್ಕೆ ಆಲ್ಡುವಿನ್‌ನ ಬಲಗೈ, ಆಮೇಲೆ ಮನುಷ್ಯರ ಪಕ್ಷಕ್ಕೆ ಬಂದವನು. ತನ್ನ ಹುಟ್ಟುಗುಣದ ಜೊತೆ ದಿನವೂ ಗುದ್ದಾಡುತ್ತಾ ಯುಗಗಳಿಂದ ಹಿಮದಲ್ಲಿ ಧ್ಯಾನಕ್ಕೆ ಕೂತಿದ್ದಾನೆ. ಈ ಇಡೀ ಆಟದಲ್ಲಿ ನಿಜಕ್ಕೂ ಸಾಧನೆ ಮಾಡಿದವನು ಅವನೊಬ್ಬನೇ. ಆದರೆ ಅವನ ಸಾಧನೆಗೆ ಅಂಕದ ಪಟ್ಟಿಯಲ್ಲಿ ಜಾಗವಿಲ್ಲ. ಅವನನ್ನು ಕೊಲ್ಲದಿದ್ದರೆ ನಿನ್ನ ಸಹವಾಸವೇ ಬೇಡ ಎನ್ನುವ ಒಂದು ಬಣ ಬೇರೆ ಇದೆ. ನಾನು ಕೊಲ್ಲಲಿಲ್ಲ. ಅಮ್ಮ ಕೇಳಿದ್ದರೂ ವಿಭೀಷಣನನ್ನು ಕೊಲ್ಲು ಅನ್ನುತ್ತಿರಲಿಲ್ಲ.

ಮೊದಲ ಸಲ ಆಡಿದಾಗ ಎಲ್ಲಾ ಮುಗಿಸಿ ವೀರಸ್ವರ್ಗಕ್ಕೆ ಹೋದಾಗ ನನ್ನ ಕೈಯಲ್ಲಿ ನಾನೇ ಮಾಡಿ, ಸಾಣೆ ಹಿಡಿದು, ಮಂತ್ರ ತುಂಬಿದ ಕತ್ತಿ ಇತ್ತು. ನೂರಕ್ಕೆ ನೂರು ಅಂಕದ ಕಮ್ಮಾರಿಕೆ. ಜೊತೆಗೆ ಆ ಮೂವರು ಹಳೆಯ ವೀರರು. ಘೋಷ ಹಾಕಿ ಆಲ್ಡುವಿನ್‌ನನ್ನು ನೆಲಕ್ಕಿಳಿಸಿದೆ. ಆರೇಳು ಏಟು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಲೋಕವನ್ನು ನುಂಗುವವನು ಕಿರುಚಿ, ಹೊಳೆದು, ಚೂರಾಗಿ ಕಣ್ಮರೆಯಾದ. ಮಿಕ್ಕ ಡ್ರ್ಯಾಗನ್‌ಗಳ ಆತ್ಮವೆಲ್ಲ ನನಗೆ ಬಂದಿತ್ತು, ಇವನದು ಮಾತ್ರ ಬರಲಿಲ್ಲ. ಕತ್ತಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ, ಬಸ್ಸು ಬಿಟ್ಟುಹೋದ ಸ್ಟಾಪಿನಲ್ಲಿ ನಿಂತ ಹಾಗೆ. ತಿಂಗಳುಗಟ್ಟಲೆ ಕಾಯಿಸಿದ್ದೆ ಅವನನ್ನು. ಅಷ್ಟು ದಿನ ಅವನು ಬೆಟ್ಟದಿಂದಿಳಿದು ಒಂದು ಊರು ಸುಡಲಿಲ್ಲ, ನನ್ನ ಕುಲುಮೆಗೆ ಬಂದು ಬಾಗಿಲು ತಟ್ಟಲಿಲ್ಲ, "ಎಷ್ಟು ಹೊತ್ತು ಮಾರಾಯ" ಎಂದು ಒಂದು ಸಲ ಕೇಳಲಿಲ್ಲ.

ಈಗ ನನ್ನ ಬಳಿ ಇರುವುದು ಪ್ಯಾಚ್ ಆದ ಪ್ರತಿ. ಕಬ್ಬಿಣದ ಬಾಕು ಲಾಭದ ಕಸುಬೇ ಅಲ್ಲ, ಬೆಳ್ಳಿ ಬಂಗಾರದ ಒಡವೆ ಮಾಡಿದರೆ ಇನ್ನೂ ಬೇಗ ವಿದ್ಯೆ ಏರುತ್ತದೆಂದು ನನಗೂ ಗೊತ್ತು. ಆದರೂ ಬಾಕನ್ನೇ ಬಡಿಯುತ್ತಿದ್ದೇನೆ.

ಒಳಗಿನಿಂದ ಅಮ್ಮ ಕೂಗಿದಳು. "ಊಟಕ್ಕೆ ಬಾರೋ."

"ಇರಮ್ಮ, ಇದೊಂದು."

"ಆ ಹಲ್ಲಿ ಇನ್ನೂ ಕಾಯ್ತದನಾ?"

"ಹೂಂ, ಕಾಯ್ತದೆ."

"ಹಾಗಾದ್ರೆ ಉಂಡುಕೊಂಡೇ ಹೋಗು. ಸಾರು ಕಾಯುದಿಲ್ಲ."