ಪಾವು ಕಿಲೋ ಸಕ್ಕರೆ

ಮೊಹರಂ ಮುಗಿಸಿಕೊಂಡು ಊರಿನಿಂದ ಹುಬ್ಬಳ್ಳಿಗೆ ಮರಳಿ ಎರಡು ದಿನವಾಯಿತು. ಸಿಟ್ಟು ಇಳಿದ ಮೇಲೆ ಬರೆದರಾಯಿತೆಂದು ಕಾಯ್ದೆ. ಅದು ಇಳಿಯುವ ಲಕ್ಷಣ ಕಾಣದ್ದರಿಂದ ಹೀಗೆಯೇ ಬರೆಯುತ್ತಿದ್ದೇನೆ.

ನನ್ನ ಅವ್ವನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ, ಅವಳ ಕೈಯ ರೊಟ್ಟಿ ಝುಣಕ ತಿಂದವರೂ ಇದ್ದೀರಿ. ಕೊರಳಲ್ಲಿ ಇಷ್ಟಲಿಂಗ, ಹಣೆಯಲ್ಲಿ ವಿಭೂತಿ, ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟದ ಹೆಂಗಸು. ಅಂಥವಳಿಗೆ 2025ರ ಜುಲೈ 5ರಂದು, ಮೊಹರಂನ ಕೊನೆಯ ದಿನದ ಹಿಂದಿನ ಕತ್ತಲ ರಾತ್ರಿಯಲ್ಲಿ, ನಮ್ಮೂರ ಮಸೂತಿಯ ಕಟ್ಟೆಯ ಮೇಲೆ ಧರ್ಮವೆಂದರೇನು ಎಂದು ಇಬ್ಬರು ಹುಡುಗರು ಪಾಠ ಹೇಳಿದರು. ಒಬ್ಬ ನಮ್ಮವನು, ಒಬ್ಬ ಅವರವನು. (ಹೀಗೆ ಬರೆಯುವಾಗ ನನಗೇ ಕಸಿವಿಸಿಯಾಗುತ್ತದೆ. ಅವ್ವ ಎಂದೂ ಹಾಗೆ ಹೇಳುವುದಿಲ್ಲ. ಮ್ಯಾಲಿನ ಓಣಿಯವನು, ತೆಳಗಿನ ಓಣಿಯವನು ಎನ್ನುತ್ತಾಳೆ.)

ನಡೆದದ್ದು ಇಷ್ಟೇ. ಪ್ರತಿ ವರ್ಷದಂತೆ ಅವ್ವ ಒಂದು ಕೈಯಲ್ಲಿ ಪಾವು ಕಿಲೋ ಸಕ್ಕರೆಯ ಪೊಟ್ಟಣ, ಊದಿನಕಡ್ಡಿ, ಇನ್ನೊಂದು ಕೈಯಲ್ಲಿ ಅಲಾಯಿ ಕುಣಿಗೆ (ಮೊಹರಂ ಬೆಂಕಿಯ ಗುಂಡಿಗೆ) ಹಾಕಲು ಒಂದು ಕಟ್ಟಿಗೆ ಹಿಡಿದು, ಪಂಜಾ ಎಂಬ ಲೋಹದ ಹಸ್ತ ಕೂಡಿಸಿದ ಮಸೂತಿಗೆ ಸಕ್ಕರೆ ಓದಿಸಲು, ಅಂದರೆ ಅದರ ಮೇಲೆ ಪ್ರಾರ್ಥನೆ ಹೇಳಿಸಲು, ಹೋಗಿದ್ದಳು. ಬಾಗಿಲ ಹತ್ತಿರ ಮೇಲಿನ ಓಣಿಯ ಹುಡುಗ ಮೊಬೈಲ್ ಹಿಡಿದು ನಿಂತಿದ್ದ. ಬೆಂಗಳೂರಿನಲ್ಲಿ ಕೆಲಸ ಮಾಡುವವನು, ರಜೆಗೆ ಬಂದವನು. "ದೊಡ್ಡವ್ವಾ, ನಮ್ಮ ದೇವರು ಏನ್ ಕಡಿಮಿ ಬಿದ್ದಾವ? ಇಲ್ಲಿ ಬಂದು ಕೈ ಮುಗೀಬೇಕಂತ ನಮ್ಮ ಧರ್ಮದಾಗ ಎಲ್ಲೆ ಬರದೈತಿ?" ಎಂದ. ಅವ್ವ ಉತ್ತರಿಸುವ ಮೊದಲೇ ಮುಲ್ಲಾ ಅಜ್ಜನ ಮೊಮ್ಮಗ, ಹೊರಗೆಲ್ಲೋ ಓದಿ ಬಂದವನು, ಅಷ್ಟೇ ಮೃದುವಾಗಿ, "ಅವಾ ಹೇಳೂದು ಖರೇ ಐತಿ ಅಮ್ಮಾ. ಇದು ನಮ್ಮ ಧರ್ಮದಾಗೂ ಇಲ್ಲ" ಎಂದ.

ಇಡೀ ವರ್ಷ ವಾಟ್ಸಾಪ್‌ನಲ್ಲಿ ಒಬ್ಬರ ಮೇಲೊಬ್ಬರು ಹಲ್ಲು ಮಸೆಯುವ ಎರಡು ಬಣಗಳು ನನ್ನ ಕಣ್ಣೆದುರಿಗೆ ಒಮ್ಮತಕ್ಕೆ ಬಂದ ಅಪರೂಪದ ಗಳಿಗೆ ಅದು. ಕಾಲುವೆ ನೀರಿನ ಬಗ್ಗೆ ಒಪ್ಪದವರು, ಗ್ರಾಮ ಪಂಚಾಯತಿಯ ಗಟಾರದ ಬಗ್ಗೆ ಒಪ್ಪದವರು, ನನ್ನ ಅವ್ವ ಅಜ್ಞಾನಿ ಎಂಬ ಒಂದೇ ಒಂದು ವಿಷಯದಲ್ಲಿ ಒಪ್ಪಿಕೊಂಡರು.

ಅವ್ವ ಇಬ್ಬರನ್ನೂ ನೋಡಿ, "ಒಳಗ ನಿಮ್ಮಜ್ಜ ಕುಂತಾನ, ಅವಗ ಕೇಳು. ನಲವತ್ತ ವರ್ಷದಿಂದ ಓದಿಕೊಟ್ಟಾವ ಅವನ" ಎಂದು ಮೊಮ್ಮಗನಿಗೂ, "ನೀ ಹುಟ್ಟಿದಾಗ ನಿಮ್ಮವ್ವ ಇಲ್ಲೇ ಸಕ್ರಿ ಓದಿಸ್ಯಾಳ" ಎಂದು ಬೆಂಗಳೂರಿನವನಿಗೂ ಹೇಳಿ ಒಳಗೆ ಹೋದಳು. ಅವಳಿಗೆ ಅಲ್ಲಿಗೆ ಮುಗಿಯಿತು. ಮುಗಿಯದ್ದು ನನಗೆ.

ಬೆಂಗಳೂರಿನ ಆ ಹುಡುಗನ ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ಫಕ್ಕೀರಪ್ಪ ಎಂದಿದೆ. ಇದನ್ನು ಹೇಳದೆ ಮುಂದೆ ಹೋಗುವಷ್ಟು ಒಳ್ಳೆಯತನ ನನ್ನಲ್ಲಿಲ್ಲ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಯಾವ ಹಳ್ಳಿಯ ಮತದಾರರ ಪಟ್ಟಿಯನ್ನಾದರೂ ತೆಗೆದು ನೋಡಿ, ಫಕ್ಕೀರಪ್ಪ, ಫಕ್ಕೀರವ್ವ, ಫಕ್ಕೀರಗೌಡರು ಸಾಲಾಗಿ ಸಿಗುತ್ತಾರೆ. ಶಿರಹಟ್ಟಿಯ ಫಕೀರೇಶ್ವರ ಮಠದ ಸ್ವಾಮಿಗಳ ಹೆಸರಿನಲ್ಲಿಯೇ ಫಕೀರ ಎಂಬ ಶಬ್ದವಿದೆ. ಹಾಗಾದರೆ ಶುದ್ಧೀಕರಣವನ್ನು ಎಲ್ಲಿಂದ ಆರಂಭಿಸೋಣ? ಅಪ್ಪನ ಹೆಸರಿನಿಂದಲೇ ಆರಂಭಿಸುವುದಾದರೆ ಅಫಿಡವಿಟ್ ಮಾಡಿಸಬೇಕಾಗುತ್ತದೆ, ಖರ್ಚಿನ ಕೆಲಸ.

"ನಮ್ಮ ಧರ್ಮದಾಗ ಎಲ್ಲೆ ಬರದೈತಿ" ಎಂಬ ಈ ಪ್ರಶ್ನೆಯೇ ನನಗೆ ಅರ್ಥವಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಜನ ಮಾಡುವುದರಲ್ಲಿ ಮುಕ್ಕಾಲು ಪಾಲು ಎಲ್ಲಿಯೂ ಬರೆದಿಟ್ಟದ್ದಲ್ಲ. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದನ್ನು ಯಾವ ಗ್ರಂಥ ನೋಡಿ ಕಲಿತೆವು? ನವಲಗುಂದ ತಾಲೂಕಿನ ಯಮನೂರಿನ ದೇವರಿಗೆ ಕೆಲವರು ಚಾಂಗದೇವ ಎನ್ನುತ್ತಾರೆ, ಕೆಲವರು ರಾಜಾಬಾಗ್‌ಸವಾರ ಎನ್ನುತ್ತಾರೆ. ಬೆಣ್ಣಿಹಳ್ಳದಲ್ಲಿ ಮುಳುಗಿ ಎದ್ದು ಬಂದವರನ್ನು, ಯಾವ ಹೆಸರು ಹೇಳಿ ಮುಳುಗಿದಿರಿ ಎಂದು ದಂಡೆಯ ಮೇಲೆ ನಿಂತು ಯಾರೂ ಕೇಳಿಲ್ಲ. ಇನ್ನು ಮೇಲೆ ಕೇಳಬಹುದು, ಹುಡುಗರು ತಯಾರಾಗುತ್ತಿದ್ದಾರೆ.

ಮೊಹರಂ ನಮ್ಮ ಎರೆಹೊಲದ ಊರುಗಳಲ್ಲಿ ಏಕೆ ಇಷ್ಟು ಆಳವಾಗಿ ಬೇರು ಬಿಟ್ಟಿತು ಎಂಬುದಕ್ಕೆ ನನ್ನದೇ ಒಂದು ವಿವರಣೆಯಿದೆ, ವಿದ್ವಾಂಸರು ಕ್ಷಮಿಸಬೇಕು. ಕ್ರಿ.ಶ. 680ರಲ್ಲಿ, ಹಿಜರಿ 61ರ ಮೊಹರಂ ತಿಂಗಳ ಹತ್ತನೆಯ ದಿನ, ಪೈಗಂಬರರ ಮಗಳ ಮಗ ಹುಸೇನರು ತಮ್ಮ ಕೆಲವೇ ಸಂಗಡಿಗರೊಂದಿಗೆ ಕರ್ಬಲಾದಲ್ಲಿ ಹತರಾದರು. ಕೊಲ್ಲುವ ಮೊದಲು ಯಜೀದನ ಸೈನ್ಯ ಮಾಡಿದ ಕೆಲಸವೇನು? ಹೊಳೆ ಹತ್ತಿರದಲ್ಲಿಯೇ ಹರಿಯುತ್ತಿದ್ದರೂ ಅವರಿಗೆ ನೀರು ಸಿಗದಂತೆ ಕಾವಲು ಹಾಕಿತು. ಬಾಯಾರಿದ ಕೂಸನ್ನು ತಂದೆ ಎತ್ತಿ ಹಿಡಿದು ನೀರು ಕೇಳಿದರೆ ಬಾಣ ಬಂತು ಎಂಬ ಭಾಗವನ್ನು ರಿವಾಯತ್ ಪದದಲ್ಲಿ ಹಾಡುವಾಗ ನಮ್ಮೂರ ಹೆಜ್ಜೆಮೇಳದವರ ಧ್ವನಿ ಇವತ್ತಿಗೂ ಬಿರಿಯುತ್ತದೆ. ಹಾಡುವವರು ಕುರುಬರು, ವಾಲ್ಮೀಕಿಯವರು, ಲಿಂಗಾಯತರು, ಮುಸಲ್ಮಾನರು. ಹಾಡು ಅಪ್ಪಟ ಕನ್ನಡ. ಮಲಪ್ರಭೆಯ ನೀರು ಬರುತ್ತದೆ ಎಂಬ ಮಾತನ್ನೇ ಕುಡಿದು ಬೆಳೆದ, ಕೊಡ ಹೊತ್ತು ಮೈಲುಗಟ್ಟಲೆ ನಡೆದ ಹೆಂಗಸರಿಗೆ, ನೀರಿಲ್ಲದೆ ಸತ್ತವರ ಕಥೆಯನ್ನು ತಿಳಿಯಲು ಅರಬ್ಬಿ ಭಾಷೆ ಬರಬೇಕಾಗಿರಲಿಲ್ಲ. ಅವ್ವ ಹುಸೇನರಿಗೆ ದೇವರೆಂದು ಕೈ ಮುಗಿಯುತ್ತಾಳೋ, ನೀರಡಿಸಿ ಸತ್ತ ಮನೆಯ ಮಗನೆಂದು ಮರುಗುತ್ತಾಳೋ ಎಂದು ನಾನು ಒಮ್ಮೆ ಕೇಳಿದ್ದುಂಟು. "ಎರಡಕ್ಕೂ ಸಕ್ರಿ ಒಂದs" ಎಂದಿದ್ದಳು.

ಈಗ ನೀವು ಎತ್ತಬಹುದಾದ ಆಕ್ಷೇಪಣೆಯನ್ನು ನಾನೇ ಎತ್ತುತ್ತೇನೆ. ಮುಲ್ಲಾ ಅಜ್ಜನ ಮೊಮ್ಮಗ ಹೇಳಿದ್ದು ಅವನ ಶಾಸ್ತ್ರದ ಪ್ರಕಾರ ತಪ್ಪಲ್ಲ. ಏಕದೇವೋಪಾಸನೆಯೇ ಬುನಾದಿಯಾದ ಧರ್ಮದಲ್ಲಿ ಲೋಹದ ಪಂಜಾದ ಮುಂದೆ ಹರಕೆ ಹೊರುವುದನ್ನು ಒಪ್ಪದವರು ಇಂದಿನವರೇನಲ್ಲ. ಮೊಹರಂನ ಹತ್ತನೆಯ ದಿನ ಉಪವಾಸವಿರುವುದೇ ಸರಿಯೆನ್ನುವ ಸುನ್ನಿ ಮುಸಲ್ಮಾನರು ಬಹಳ. ಶೋಕದ ದಿನ ಹುಲಿವೇಷ ಹಾಕಿ ಕುಣಿಯುವುದೇನು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕುಣಿಯ ಸುತ್ತ ಕುಡಿದು ಬಂದು ಬೀಳುವ ನಮ್ಮ ಓಣಿಯ ಕೆಲವು ಗಂಡಸರ ಬಗ್ಗೆ ನನಗೂ ನಾಚಿಕೆಯಿದೆ. ಇತ್ತ ನಮ್ಮ ಕಡೆಯೂ ಇಷ್ಟಲಿಂಗ ಕಟ್ಟಿಕೊಂಡವರು ಅನ್ಯದೈವಕ್ಕೆ ಎರಗಬಾರದೆಂದು ಹನ್ನೆರಡನೆಯ ಶತಮಾನದ ಶರಣರೇ ಹೇಳಿದ್ದಾರೆ, ಅರಗು ತಿಂದು ಕರಗುವ ದೈವವನ್ನು ಬಸವಣ್ಣನವರು ಗೇಲಿ ಮಾಡಿದ್ದಾರೆ. ಹಾಗೆ ನೋಡಿದರೆ ಇಬ್ಬರೂ ಹುಡುಗರು ಸುಧಾರಕರೇ ಅಲ್ಲವೆ?

ಅಲ್ಲ. ಬಸವಣ್ಣನವರು ಕಲ್ಯಾಣದಲ್ಲಿ ಎದುರು ಹಾಕಿಕೊಂಡದ್ದು ಪುರೋಹಿತರನ್ನು, ಜಾತಿಯ ಕಟ್ಟನ್ನು. ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತರು. ಈ ಹುಡುಗರು ಎದುರು ಹಾಕಿಕೊಂಡದ್ದು ಮೊಣಕಾಲು ನೋವಿನ ಮುದುಕಿಯನ್ನು, ಬೆಲೆಯೆಂದರೆ ಮೊಬೈಲಿನ ಎರಡು ನಿಮಿಷದ ಬ್ಯಾಟರಿ. ಬೆಂಗಳೂರಿನವನು ಶರಣರ ಮಾತನ್ನು ನಿಜವಾಗಿ ಒಪ್ಪಿದ್ದರೆ, ಮೊದಲು ತನ್ನ ಮನೆಯಲ್ಲಿ ಜಾತಿ ನೋಡಿ ತಾಟು ಬೇರೆ ಇಡುವುದನ್ನು ಬಿಡಿಸಬೇಕಾಗಿತ್ತು. ಆ ವಿಷಯದಲ್ಲಿ "ಎಲ್ಲೆ ಬರದೈತಿ" ಎಂದು ಅವನು ಕೇಳಿದ್ದನ್ನು ನಾನು ಕಂಡಿಲ್ಲ.

ಇಷ್ಟು ಓದಿ ಇನ್ನೊಂದು ಪಂಗಡದವರು ಖುಷಿಯಾಗಿ "ಭಾವೈಕ್ಯತೆಯ ಬೀಡು ನಮ್ಮ ನಾಡು" ಎಂದು ಬರೆಯಲು ಬೆರಳು ಎತ್ತಿರುತ್ತೀರಿ. ದಯವಿಟ್ಟು ಇಳಿಸಿ. ವೇದಿಕೆಯ ಮೇಲೆ ಶಿಶುನಾಳ ಶರೀಫರ ಪದ ಹಾಡಿಸಿ, ಶಾಲು ಹೊದಿಸಿಕೊಂಡು, ಭಾಷಣ ಮುಗಿಸಿ ಕಾರು ಹತ್ತುವವರ ಮೇಲೆಯೂ ನನಗೆ ಅಷ್ಟೇ ಸಿಟ್ಟಿದೆ. ಕಳಸದ ಗೋವಿಂದಭಟ್ಟರು ಶರೀಫರಿಗೆ ಜನಿವಾರ ಹಾಕಿದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಕಥೆಯಲ್ಲಿ ಎರಡೂ ಕಡೆಯವರು ಸಿಟ್ಟಾಗುತ್ತಾರೆ, ಗುರುಶಿಷ್ಯರು ಇಬ್ಬರ ಬೈಗುಳವನ್ನೂ ತಿನ್ನುತ್ತಾರೆ. ಭಾಷಣದಲ್ಲಿ ಮಾತ್ರ ಬೈಗುಳದ ಭಾಗ ಬರುವುದಿಲ್ಲ, ಜನಿವಾರದ ಭಾಗ ಬರುತ್ತದೆ. 1889ರಲ್ಲಿ ತೀರಿಹೋದವರನ್ನು ಹೊಗಳುವುದು ಸುಲಭ. 2022ರಲ್ಲಿ ಧಾರವಾಡದ ನುಗ್ಗಿಕೇರಿಯ ಹನುಮಂತ ದೇವರ ಗುಡಿಯ ಹತ್ತಿರ ಮುಸಲ್ಮಾನ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ಒಡೆದು ಹಾಕಿದಾಗ ಈ ಭಾಷಣಕಾರರಲ್ಲಿ ಎಷ್ಟು ಜನರ ಗಂಟಲು ಕಟ್ಟಿತ್ತು ಎಂಬುದೂ ನನಗೆ ನೆನಪಿದೆ.

ಅವ್ವನಿಗೆ ಭಾವೈಕ್ಯತೆ ಎಂಬ ಶಬ್ದವೇ ಗೊತ್ತಿಲ್ಲ. ಅವಳು ಯಾವ ಸಂದೇಶವನ್ನು ಸಾರಲೂ ಮಸೂತಿಗೆ ಹೋಗುವುದಿಲ್ಲ; ಸಾಲ ತೀರಿಸಲು ಹೋಗುತ್ತಾಳೆ. ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲ. ಮೂರನೆಯದು ಉಳಿದರೆ ಪ್ರತಿ ವರ್ಷ ಮೊಹರಂಗೆ ಫಕೀರನನ್ನಾಗಿ ಮಾಡುತ್ತೇನೆಂದು ಹರಕೆ ಹೊತ್ತಳು, ನಾನು ಉಳಿದೆ. ಉಳಿಸಿದ್ದು ಗದಗಿನ ಡಾಕ್ಟರೋ ಹುಸೇನರೋ ಎಂಬ ಚರ್ಚೆಗೆ ಅವಳು ಬರುವುದಿಲ್ಲ. ಡಾಕ್ಟರಿಗೆ ದುಡ್ಡು ಕೊಟ್ಟಾಗಿದೆ, ಇವರದ್ದು ಬಾಕಿ ಎನ್ನುತ್ತಾಳೆ.

ಹಾಗಾಗಿ ನಾನು ಚಿಕ್ಕವನಿದ್ದಾಗ ಪ್ರತಿ ಮೊಹರಂನಲ್ಲಿ ಕೊರಳಿಗೆ ಲಾಡಿ ಎಂಬ ಕೆಂಪು ಹಸಿರು ದಾರ ಹಾಕಿಕೊಂಡು, ಜೋಳಿಗೆ ಹಿಡಿದು ಐದು ಮನೆ ಬೇಡುತ್ತಿದ್ದೆ. 1999ರಲ್ಲಿ ಹಬ್ಬ ಏಪ್ರಿಲ್ ಕೊನೆಯಲ್ಲಿ ಬಂದಿತ್ತು. ಬೇಸಗೆಯ ರಜೆ, ಕಾದ ನೆಲ, ಬರಿಗಾಲು, ಮನೆಮನೆಯಲ್ಲಿ ಚೊಂಗೆ, ಪಾನಕ. ಅಷ್ಟು ದೊಡ್ಡ ಮರ್ಯಾದೆ ನನಗೆ ಆಮೇಲೆ ಯಾವ ನೌಕರಿಯಲ್ಲಿಯೂ ಸಿಗಲಿಲ್ಲ.

ಇನ್ನು ಹೇಳಲೇಬೇಕಾದ ಮಾತು. ಅವ್ವನಿಗೆ ಮೊದಲ ಪಾಠ ಹೇಳಿದವರು ಈ ಇಬ್ಬರು ಹುಡುಗರಲ್ಲ. ಧಾರವಾಡದಲ್ಲಿ ಓದುವಾಗ ನಾನು ದೊಡ್ಡ ವಿಚಾರವಾದಿಯಾಗಿದ್ದೆ. ಹಾಸ್ಟೆಲ್ಲಿನಲ್ಲಿ ಯಾರೋ ಕೊರಳ ದಾರ ನೋಡಿ ನಕ್ಕರೆಂದು ಬ್ಲೇಡಿನಿಂದ ಕತ್ತರಿಸಿ, ಕಿಟಕಿಯಿಂದಾಚೆ ಒಗೆದೆ. 2007ರ ಮೊಹರಂ ಜನವರಿಯಲ್ಲಿ ಬಂದಾಗ ಓದುವುದಿದೆ ಎಂದು ಊರಿಗೆ ಹೋಗಲಿಲ್ಲ. ಆಮೇಲೆ ಹೋದಾಗ ಒಲೆಯ ಮುಂದೆ ಕೂತಿದ್ದ ಅವ್ವನಿಗೆ ಮೂಢನಂಬಿಕೆಯ ಬಗ್ಗೆ ಅರ್ಧ ತಾಸು ಉಪನ್ಯಾಸ ಕೊಟ್ಟೆ. ಅವಳು ರೊಟ್ಟಿ ಬಡಿಯುತ್ತ ಕೇಳಿದಳು, ಹ್ಞೂಂ ಎಂದಳು. ಗೆದ್ದೆನೆಂದು ತಿಳಿದೆ.

ಈ ಸಲ ಮಸೂತಿಯೊಳಗೆ ಮುಲ್ಲಾ ಅಜ್ಜ ಊದಿನ ಹೊಗೆಯ ನಡುವೆ ಸಕ್ಕರೆ ಓದಿ, ನನ್ನ ತಲೆಯ ಮೇಲೆ ನವಿಲುಗರಿ ಆಡಿಸಿ, ನನ್ನನ್ನು ನೋಡಿ ನಕ್ಕ. "ಬಂದೇನೋ ತಮ್ಮಾ? ಹದಿನೆಂಟು ವರ್ಷಾತು, ನಿನ್ನ ಪಾಲಿನ ಐದು ಮನಿ ನಿಮ್ಮವ್ವನs ಬೇಡಾಕತ್ತಾಳ" ಎಂದ. ಇದು ನನಗೆ ಗೊತ್ತಿರಲಿಲ್ಲ. ಹರಕೆ ನನ್ನದು, ಮುರಿದವನು ನಾನು, ಸೆರಗಿನಲ್ಲಿ ಜೋಳ ಹಾಕಿಸಿಕೊಂಡು ತೀರಿಸುತ್ತಿದ್ದವಳು ಅವಳು. ಈ ವಯಸ್ಸಿನಲ್ಲಿ, ಆ ಮೊಣಕಾಲುಗಳ ಮೇಲೆ. ಹೊರಗೆ ನಿಂತಿದ್ದ ಇಬ್ಬರಿಗೆ ಹೇಳಬೇಕೆಂದು ನಾಲಿಗೆಯ ತುದಿಗೆ ತಂದುಕೊಂಡಿದ್ದ ಮಾತೆಲ್ಲ ಆಗ ಒಣಗಿಹೋಯಿತು. ಅದಕ್ಕೇ ಈಗ ಇಲ್ಲಿ ಕೂಗಾಡುತ್ತಿದ್ದೇನೆ.

ಮರುದಿನ ಭಾನುವಾರ ಆಷಾಢ ಏಕಾದಶಿಯೂ ಇತ್ತು. ಮೇಲಿನ ಓಣಿಯಲ್ಲಿ ವಿಠ್ಠಲನ ಭಜನೆಯ ತಾಳ ನಡೆದಿರುವಾಗಲೇ ಹಲಗೆ ಬಾರಿಸಿಕೊಂಡು ಪಂಜಾಗಳು ಹಳ್ಳಕ್ಕೆ ಹೊರಟವು. ಭಜನೆಯವರು ತಾಳ ನಿಲ್ಲಿಸಿ, ಎದ್ದು ಬಂದು, ಪಂಜಾ ಹೊತ್ತವರ ಕಾಲಿಗೆ ನೀರು ಹಾಕಿ, ಮತ್ತೆ ಹೋಗಿ ಕೂತು ಅಭಂಗ ಮುಂದುವರಿಸಿದರು. ಯಾರೂ ಯಾರಿಗೂ ಧನ್ಯವಾದ ಹೇಳಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ. ಬೆಂಗಳೂರಿನವನು ತೆಗೆದಿರಬಹುದು, ಬೇರೆ ಕಾರಣಕ್ಕೆ.

ಸಂಜೆ ಬಸ್ಸಿಗೆ ಹೊರಟಾಗ ಅವ್ವ ಓದಿಸಿದ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ಬ್ಯಾಗಿನಲ್ಲಿಟ್ಟಳು. ಅದರೊಳಗೆ ಒಂದು ಲಾಡಿಯೂ ಇತ್ತೆಂಬುದು ಹುಬ್ಬಳ್ಳಿಯಲ್ಲಿ ಬಿಚ್ಚಿದಾಗ ತಿಳಿಯಿತು. ಹಿಜರಿ ವರ್ಷಕ್ಕೆ 354 ದಿನ, ನಮ್ಮ ಪಂಚಾಂಗದಂತೆ ನಡುವೆ ಅಧಿಕಮಾಸ ಸೇರಿಸಿ ಸರಿಮಾಡಿಕೊಳ್ಳುವ ಪದ್ಧತಿ ಅಲ್ಲಿಲ್ಲ, ಆದ್ದರಿಂದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ ಎಂದು ನಾನು ಪುಸ್ತಕದಿಂದ ಕಲಿತಿದ್ದೇನೆ. ಅವ್ವ ಬಸ್ಸಿನ ಕಿಟಕಿಯ ಕೆಳಗೆ ನಿಂತು, "ಮುಂದಿನ ವರ್ಷ ಹೆಸರು ಬಿತ್ತೂ ಹೊತ್ತಿಗೆ ಬರತೈತಿ. ರಜಾ ಈಗs ಕೇಳಿ ಇಡು" ಎಂದಳು.