ಕಾಡಿನ ಚಿತ್ರಕ್ಕೆ ಎಷ್ಟು ಬೆಳಕು ಬೇಕು?

ಈಗೀಗ ಕಾಡಿನ ಚಿತ್ರಗಳಲ್ಲಿ ಬೆಳಕು ಸುರಿಯುವುದು ಜಾಸ್ತಿಯಾಗಿದೆ. ಯಾವುದನ್ನು ನೋಡಿದರೂ ಮರಗಳ ನಡುವೆ ಬಂಗಾರದ ಬಿಸಿಲುಕೋಲುಗಳು. ಚೆಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟು ಬೆಳಕಲ್ಲಿ ಕಾಡೇ ಕಾಣೆಯಾಗಿರುತ್ತದೆ.

ಬಣ್ಣಕ್ಕೆ ಸ್ವಂತ ಬೆಳಕಿಲ್ಲ. ಟ್ಯೂಬಿನ ಬಿಳಿ ಬಣ್ಣ ಎಷ್ಟೇ ಬೆಳ್ಳಗಿದ್ದರೂ ನಿಜವಾದ ಬಿಸಿಲಿನ ಮುಂದೆ ಮಂಕೇ. ಬಿಸಿಲು ಬಿದ್ದಂತೆ ಕಾಣಬೇಕಾದರೆ ಅದರ ಪಕ್ಕದಲ್ಲಿ ಕತ್ತಲು ಬೇಕು. ರಷ್ಯಾದ ಚಿತ್ರಕಾರ ಆರ್ಖಿಪ್ ಕುಯಿಂಜಿ 1879ರಲ್ಲಿ ಬರೆದ ಬರ್ಚ್ ಮರಗಳ ತೋಪಿನ ಚಿತ್ರ ನೋಡಿ. ಮರಗಳ ತುದಿಯನ್ನು ಚೌಕಟ್ಟಿನ ಆಚೆಗೇ ಬಿಟ್ಟಿದ್ದಾರೆ. ಎಲೆಗಳನ್ನು ಬಿಡಿಬಿಡಿಯಾಗಿ ಬರೆಯುವ ಗೋಜಿಗೇ ಹೋಗಿಲ್ಲ, ಕಡು ಹಸಿರಿನ ದೊಡ್ಡ ದೊಡ್ಡ ರಾಶಿಗಳಷ್ಟೇ. ಆದರೂ ಬಿಸಿಲು ಕಣ್ಣಿಗೆ ಹೊಡೆಯುತ್ತದೆ!

ರಷ್ಯಾದವರೇ ಆದ ಇವಾನ್ ಶಿಶ್ಕಿನ್ ಇದಕ್ಕೆ ತದ್ವಿರುದ್ಧ. ತೊಗಟೆಯ ಬಿರುಕನ್ನೂ ಬಿಡುವವರಲ್ಲ. ಪೈನ್ ಕಾಡಿನ ಬೆಳಗನ್ನು ತೋರಿಸುವ ಅವರ 1889ರ ಚಿತ್ರವನ್ನು ಎಲ್ಲರೂ ಕರಡಿಗಳಿಂದಲೇ ಗುರುತಿಸುತ್ತಾರೆ. (ಆ ಕರಡಿಗಳನ್ನು ಬರೆದವರು ಅವರ ಗೆಳೆಯ ಸವಿಟ್ಸ್ಕಿ. ಚಿತ್ರ ಕೊಂಡ ಟ್ರೆಟ್ಯಾಕೊವ್, ಸವಿಟ್ಸ್ಕಿಯ ಸಹಿಯನ್ನು ಅಳಿಸಿಹಾಕಿದರು, ಪಾಪ.) ನನಗೆ ಅಲ್ಲಿ ಕರಡಿಗಿಂತ ಮಂಜು ದೊಡ್ಡದು. ಬಿಸಿಲು ಇನ್ನೂ ಮರಗಳ ಮೇಲ್ಭಾಗಕ್ಕೆ ಮಾತ್ರ ತಾಗಿದೆ. ಕೆಳಗೆ ರಾತ್ರಿಯ ತಂಪು ಹಾಗೇ ಕೂತಿದೆ. ಹತ್ತಿರದ ಕಾಂಡಗಳು ಗಟ್ಟಿ, ಹಿಂದಿನವು ಮಸುಕು, ಅದರ ಹಿಂದಿನವು ಇದ್ದೂ ಇಲ್ಲದಂತೆ. ಕಾಡು ಎಷ್ಟು ಆಳ ಅನ್ನುವುದನ್ನು ಹೇಳುವುದು ಆ ಮಂಜೇ. ಮುರಿದು ಬಿದ್ದ ಮರದ ಮೇಲೆ ನಿಂತ ಒಂದು ಮರಿ ಮಂಜಿನ ಕಡೆಗೇ ಮುಖ ಮಾಡಿದೆ, ಗಮನಿಸಿದ್ದೀರಾ? ನಮ್ಮ ಕಣ್ಣೂ ಅದರ ಹಿಂದೆಯೇ ಒಳಗೆ ಹೋಗುತ್ತದೆ. ಸಂಯೋಜನೆ ಅಂದರೆ ಇದೇ ಅಲ್ವಾ?

ಹಾಗಂತ ಬಿಸಿಲಿಲ್ಲದೆ ಭಾವವೇ ಹುಟ್ಟುವುದಿಲ್ಲ ಅಂತಲ್ಲ. ಆಸ್ಟ್ರಿಯಾದ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ 1902ರ ಸುಮಾರಿಗೆ ಬರೆದ ಬೀಚ್ ಮರಗಳ ಕಾಡಿನ ಚಿತ್ರದಲ್ಲಿ ಉದುರಿದ ಎಲೆಗಳ ನೆಲ, ಅದರ ಮೇಲೆ ತೆಳ್ಳನೆಯ ಕಾಂಡಗಳ ಸಾಲು, ಅಷ್ಟೇ. ಬಿಸಿಲುಕೋಲು ಬಿಡಿ, ಆಕಾಶವೇ ಹೆಚ್ಚು ಕಾಣುವುದಿಲ್ಲ. ಕೆಲವರಿಗೆ ಅದು ಬರೀ ವಿನ್ಯಾಸದಂತೆ ಕಾಣಬಹುದು. ನನಗಂತೂ ಅದನ್ನು ನೋಡಿದಾಗ ಸ್ವಲ್ಪ ಉಸಿರು ಕಟ್ಟಿದಂತಾಗುತ್ತದೆ.

ಚಿತ್ರ ಬರೆಯುವ ಗೆಳೆಯರು ಒಂದು ಕೆಲಸ ಮಾಡಿ. ನಿಮ್ಮ ಕಾಡಿನ ಚಿತ್ರದ ಫೋಟೊ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ. ಎಲ್ಲಾ ಒಂದೇ ಥರದ ಬೂದು ಬಣ್ಣವಾಗಿ ಕಂಡರೆ, ಮೇಲೆ ಇನ್ನಷ್ಟು ಹಳದಿ ಬಳಿಯಲು ಹೋಗಬೇಡಿ. ಮೊದಲು ನೆರಳಿಗೆ ಕೈ ಹಾಕಿ.