'ಕನ್ನಡ' ಎಂಬ ಗುಂಡಿಯನ್ನು ಒತ್ತಿದಾಗ

ಮೊನ್ನೆ ಮಂಗಳವಾರ ನಮ್ಮ ಚಿಗವ್ವನ ಜೊತೆ ಕುಳಿತು ಒಂದು ಇಲಾಖೆಯ ಜಾಲತಾಣದಲ್ಲಿ ಸಹಾಯಧನದ ಅರ್ಜಿ ತುಂಬುತ್ತಿದ್ದೆ. ಚಿಗವ್ವ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ದಿನಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದುತ್ತಾಳೆ, ಪಹಣಿಯ ಹನ್ನೊಂದನೆಯ ಕಾಲಮ್ಮಿನಲ್ಲಿ ಏನು ನಮೂದಾಗಿದೆ ಎಂಬುದನ್ನು ನನಗಿಂತ ಬೇಗ ಹೇಳಬಲ್ಲಳು. ಹೆಸರು, ಸರ್ವೆ ನಂಬರು, ಬ್ಯಾಂಕ್ ಖಾತೆ ಎಲ್ಲವನ್ನೂ ತುಂಬಿ ಅರ್ಜಿ ಮುಕ್ಕಾಲು ಮುಗಿದಿತ್ತು. ಉಳಿದ ಪ್ರಶ್ನೆಗಳನ್ನು ತಾನೇ ಓದಿ ಉತ್ತರ ಹೇಳಬೇಕೆಂಬ ಆಸೆಯಿಂದ ಆಕೆ ಪುಟದ ಮೇಲ್ತುದಿಯಲ್ಲಿದ್ದ 'ಕನ್ನಡ' ಎಂಬ ಗುಂಡಿಯನ್ನು ಒತ್ತಿದಳು. ತುಂಬಿದ್ದೆಲ್ಲ ಅಳಿಸಿಹೋಯಿತು. ತೆರೆಯ ಮೇಲೆ ಮುಖಪುಟ ಬಂದು ನಿಂತಿತು: ಕನ್ನಡದಲ್ಲಿ ಸ್ವಾಗತ, ಕನ್ನಡದಲ್ಲಿ ಇಲಾಖೆಯ ಧ್ಯೇಯೋದ್ದೇಶ, ಕನ್ನಡದಲ್ಲಿ ಇಲಾಖೆಯ ಇತಿಹಾಸ. ಅರ್ಜಿಯ ಕೊಂಡಿಯನ್ನು ಹುಡುಕಿ ಒತ್ತಿದರೆ ಮತ್ತೆ ಅದೇ ಇಂಗ್ಲಿಷ್ ನಮೂನೆ.

"ಅಲ್ಲವ್ವಾ, ಕನ್ನಡ ಅಂತ ಬರದಾರಲ್ಲ, ಒತ್ತಿದ್ರ ಎಲ್ಲಾ ಯಾಕ ಹೋತು? ನಾ ಏನರ ತಪ್ಪು ಮಾಡಿದ್ನೇನು?" ಎಂದು ಆಕೆ ಕೇಳಿದಳು. ತಪ್ಪು ತನ್ನದೇ ಇರಬೇಕು ಎಂದು ಆಕೆಗೆ ಅನ್ನಿಸಿದ್ದು ನನ್ನನ್ನು ಅಂದಿನಿಂದ ಕಾಡುತ್ತಿದೆ. ಅದಕ್ಕಾಗಿಯೇ ಈ ಬರಹ.

ನಾನು ಅನುವಾದಕಿ. ಇಂಗ್ಲಿಷ್ ಪುಟಗಳನ್ನು ಕನ್ನಡಕ್ಕೆ ತರುವುದರಲ್ಲೇ ನನ್ನ ಜೀವನದ ಬಹುಪಾಲು ಕಳೆದಿದೆ. ಆ ಅನುಭವದಿಂದ ಹೇಳುತ್ತೇನೆ: ನಮ್ಮ ಸರ್ಕಾರಿ ಜಾಲತಾಣಗಳ ತೊಂದರೆ ಕನ್ನಡ ಇಲ್ಲದಿರುವುದಲ್ಲ. ಮುಖಪುಟದಲ್ಲಿ ಎಲ್ಲರೂ ಕನ್ನಡ ಹಾಕಿದ್ದಾರೆ. ಜನರಿಗೆ ಕೆಲಸವಿರುವ ಜಾಗದಲ್ಲಿ, ಅಂದರೆ ಅರ್ಜಿಯ ನಮೂನೆಯಲ್ಲಿ, 'ಈ ದಾಖಲೆ ಸರಿಯಿಲ್ಲ' ಎಂದು ಕೆಂಪಕ್ಷರದಲ್ಲಿ ಬರುವ ಸೂಚನೆಯಲ್ಲಿ, ಮೊಬೈಲಿಗೆ ಬರುವ ಸಂದೇಶದಲ್ಲಿ ಕನ್ನಡ ಕೈಬಿಟ್ಟುಹೋಗುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ನಮ್ಮ ರಾಜ್ಯದಲ್ಲಿ 1963ರಿಂದ ರಾಜಭಾಷಾ ಅಧಿನಿಯಮವಿದೆ. ಇಲಾಖೆಗಳ ಕಡತಗಳಲ್ಲಿ ಟಿಪ್ಪಣಿ ನಡೆಯುವುದು ಹೆಚ್ಚಾಗಿ ಕನ್ನಡದಲ್ಲಿ, ಸರ್ಕಾರಿ ಆದೇಶ ಹೊರಡುವುದೂ ಹೆಚ್ಚಾಗಿ ಕನ್ನಡದಲ್ಲಿಯೇ. ಅಂದರೆ ಯೋಜನೆಯೊಂದು ಹುಟ್ಟುವಾಗ ಕನ್ನಡದಲ್ಲಿ ಹುಟ್ಟುತ್ತದೆ. ಅದನ್ನು ಜನರಿಗೆ ತಲುಪಿಸುವ ತಂತ್ರಾಂಶವನ್ನು ಮಾತ್ರ ಗುತ್ತಿಗೆದಾರರು ಇಂಗ್ಲಿಷಿನಲ್ಲಿ ಕಟ್ಟುತ್ತಾರೆ. ಎಲ್ಲ ಮುಗಿದು ಉದ್ಘಾಟನೆಯ ದಿನ ಹತ್ತಿರ ಬಂದಾಗ ಆ ಇಂಗ್ಲಿಷನ್ನು ಯಾರೋ ಒಬ್ಬರ ಕೈಗೆ ಕೊಟ್ಟು ಎರಡು ದಿನದಲ್ಲಿ ಕನ್ನಡ ಮಾಡಿಸುತ್ತಾರೆ. ಕನ್ನಡದ ಮೂಲ ಆದೇಶವಾದರೋ ಸ್ಕ್ಯಾನ್ ಮಾಡಿದ ಚಿತ್ರವಾಗಿ 'ಸುತ್ತೋಲೆಗಳು' ಎಂಬ ಮೂಲೆಯಲ್ಲಿ ಬಿದ್ದಿರುತ್ತದೆ. ಅದರೊಳಗಿನ ಒಂದು ಪದವನ್ನೂ ಹುಡುಕಿ ತೆಗೆಯಲಾಗುವುದಿಲ್ಲ, ಕಣ್ಣಿಲ್ಲದವರ ಮೊಬೈಲು ಅದನ್ನು ಓದಿ ಹೇಳುವುದೂ ಇಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಕಡತವಾದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಡೀ ಆದೇಶ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯಾವ ಯಂತ್ರದಲ್ಲಿಯೂ ಅಕ್ಷರ ಅಕ್ಷರವಾಗಿಯೇ ಉಳಿಯುವಂತೆ ಮಾಡುವ ಯುನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲಿಯೇ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಚಿಗವ್ವನ ಹೆಸರಿನ ವಿಷಯ ಹೇಳಲೇಬೇಕು. ಆಕೆಯ ಹೆಸರು 'ವ್ವ' ಎಂದು ಮುಗಿಯುತ್ತದೆ. ಕನ್ನಡದಲ್ಲಿ ಅದನ್ನು ಬರೆಯುವ ರೀತಿ ಒಂದೇ. ಆದರೆ ಆಕೆಯ ಆಧಾರ್ ಕಾರ್ಡಿನ ಇಂಗ್ಲಿಷಿನಲ್ಲಿ ಅದಕ್ಕೆ ಎರಡು 'ವಿ'ಗಳಿವೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು 'ಡಬ್ಲ್ಯು' ಇದೆ, ಪಡಿತರ ಚೀಟಿಗಾಗಿ ಯಾರೋ ಟೈಪು ಮಾಡಿದ್ದರಲ್ಲಿ ಒಂದೇ 'ವಿ' ಇದೆ. ಅರ್ಜಿಯ ನಮೂನೆ ಕನ್ನಡ ಅಕ್ಷರಗಳನ್ನು ಒಪ್ಪುವುದಿಲ್ಲ. ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಬರೆದರೆ 'ಅಕ್ಷರಗಳನ್ನು ಮಾತ್ರ ನಮೂದಿಸಿ' ಎಂದು ಇಂಗ್ಲಿಷಿನಲ್ಲಿ ಎಚ್ಚರಿಸುತ್ತದೆ. ನಮ್ಮ ಅಕ್ಷರ ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ! ಮೂರು ಇಂಗ್ಲಿಷ್ ಹೆಸರುಗಳು ತಾಳೆಯಾಗುವುದಿಲ್ಲವೆಂದು ಆಕೆ ಮೊದಲು ಹಾಕಿದ್ದ ಅರ್ಜಿ ಹಿಂದಕ್ಕೆ ಬಂದಿತ್ತು. ಮೂರೂ ದಾಖಲೆಗಳಲ್ಲಿ ಕನ್ನಡದ ಹೆಸರನ್ನೇ ಹಿಡಿದು ನೋಡಿದ್ದರೆ ಈ ತಕರಾರೇ ಹುಟ್ಟುತ್ತಿರಲಿಲ್ಲ. ಇಲಾಖೆಗಳು ಒಂದರೊಡನೊಂದು ಮಾತಾಡದಿದ್ದರೆ ಅದರ ದಂಡ ಬೀಳುವುದು ಯಾರ ಮೇಲೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ಹೆಸರು ಸರಿಪಡಿಸಲು ಆಕೆ ಎರಡು ಸಲ ತಾಲ್ಲೂಕಿಗೆ ಹೋಗಿ ಬಂದಿದ್ದಾಳೆ, ಎರಡು ದಿನದ ಕೂಲಿ ಬಿಟ್ಟು.

ಊರುಗಳ ಹೆಸರಿನದೂ ಇದೇ ಕಥೆ. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ವಿಜಯಪುರ, ಬಳ್ಳಾರಿ ಸೇರಿ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಯಂತೆಯೇ ಬರೆಯಬೇಕೆಂದು ಬದಲಾಯಿಸಲಾಯಿತು. ಇಷ್ಟು ವರ್ಷಗಳ ಮೇಲೂ ನಾನು ತೆರೆಯುವ ಜಿಲ್ಲೆಗಳ ಪಟ್ಟಿಯಲ್ಲಿ ಒಂದೆಡೆ ಹಳೆಯ ಹೆಸರು, ಇನ್ನೊಂದೆಡೆ ಹೊಸದು. ವಿಜಯಪುರ ಸಿಗಲಿಲ್ಲವೆಂದರೆ ಬಿಜಾಪುರ ಹುಡುಕಬೇಕು ಎಂದು ಅರ್ಜಿದಾರನೇ ಊಹಿಸಿಕೊಳ್ಳಬೇಕು.

ಇನ್ನು ಪದಗಳು. ಇಂಗ್ಲಿಷಿನ 'ಅಪ್ಲೈ'ಗೆ ಅರ್ಜಿ ಹಾಕಿ ಎನ್ನಬೇಕಾದ ಕಡೆ 'ಅನ್ವಯಿಸು' ಎಂದಿರುತ್ತದೆ. 'ಪ್ಲಾಟ್'ಗೆ ನಿವೇಶನ ಎನ್ನಬೇಕಾದ ಕಡೆ 'ಕಥಾವಸ್ತು' ಎಂದಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಇಲಾಖೆಗೆ 'ಸಲ್ಲಿಸಿ', ಇನ್ನೊಂದಕ್ಕೆ 'ಸಮರ್ಪಿಸಿ', ಮತ್ತೊಂದಕ್ಕೆ 'ಒಪ್ಪಿಸಿ'. ಒಬ್ಬ ರೈತ ಒಂದೇ ವಾರದಲ್ಲಿ ಮೂರು ಇಲಾಖೆಗಳಿಗೆ ಅರ್ಜಿ ಹಾಕುತ್ತಾನೆ. ಅವನು ಪ್ರತಿ ಸಲವೂ ಹೊಸ ಕನ್ನಡವನ್ನು ಕಲಿಯಬೇಕೇ? ಕನ್ನಡದಲ್ಲಿದ್ದರೆ ಅರ್ಥವಾಗುವುದಿಲ್ಲ, ಇಂಗ್ಲಿಷೇ ವಾಸಿ ಎಂದು ಜನ ಹೇಳುವುದು ಈ ಕಾರಣಕ್ಕೆ. ಆ ಮಾತಿನಿಂದ ಅಪವಾದ ಹೊರುವುದು ಕನ್ನಡ, ಅದನ್ನು ಎರಡು ದಿನದಲ್ಲಿ ಮಾಡಿಸಿದವರಲ್ಲ.

ಇಂಥದ್ದು ನಮ್ಮಿಂದ ಆಗದ ಕೆಲಸವೆಂದು ಯಾರೂ ಹೇಳಬೇಡಿ. 2000ದ ಆಸುಪಾಸಿನ ವರ್ಷಗಳಲ್ಲಿ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, ಎಲ್ಲ ತಾಲ್ಲೂಕುಗಳಲ್ಲಿ, ಕನ್ನಡದಲ್ಲಿಯೇ ಗಣಕಕ್ಕೆ ಏರಿಸಿದ ರಾಜ್ಯ ನಮ್ಮದು. ಇಂದಿನ ಸೌಕರ್ಯದಲ್ಲಿ ಒಂದಂಶವೂ ಇಲ್ಲದ ಕಾಲವದು. ಮೂಲ ದಾಖಲೆಯೇ ಕನ್ನಡವಾಗಿದ್ದರಿಂದ ಅಲ್ಲಿ ಅನುವಾದದ ಪ್ರಶ್ನೆಯೇ ಬರಲಿಲ್ಲ. ಚಿಗವ್ವ ಇಂದಿಗೂ ತಾನೇ ಓದಿಕೊಳ್ಳುವ ಸರ್ಕಾರಿ ಕಾಗದ ಎಂದರೆ ಆ ಪಹಣಿಯೇ.

ಕಾನೂನಿನ ಕೊರತೆಯೂ ಇಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಇದೆ. ಅದಕ್ಕೆ 2024ರಲ್ಲಿ ತಿದ್ದುಪಡಿ ತಂದು ಅಂಗಡಿಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದರು. ಸರಿಯಾದ ಕ್ರಮ, ನಾನು ಮನಸಾರೆ ಒಪ್ಪುತ್ತೇನೆ. ಕಿರಾಣಿ ಅಂಗಡಿಯ ಫಲಕಕ್ಕೆ ಇರುವ ಅಳತೆ ಸರ್ಕಾರದ ಸ್ವಂತ ತೆರೆಗೂ ಇರಲಿ ಎನ್ನುವುದಷ್ಟೇ ನನ್ನ ಮಾತು. ಭಾರತ ಸರ್ಕಾರ 2009ರಲ್ಲಿಯೇ ಹೊರತಂದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿರುವ ಪುಟಗಳನ್ನು ಏಕಕಾಲಕ್ಕೆ ಪರಿಷ್ಕರಿಸಬೇಕು ಎಂದು ಸ್ಪಷ್ಟವಾಗಿದೆ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ 2021ರ ಜನಗಣತಿಯಂತೆ ಅಲ್ಲಿನ ನುಡಿಯಾದ ವೆಲ್ಷ್ ಬಲ್ಲವರು ಸುಮಾರು 5.38 ಲಕ್ಷ; ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಭಾಷೆ ಬದಲಿಸಿದರೆ ನೀವು ಓದುತ್ತಿದ್ದ ಪುಟವೇ ವೆಲ್ಷ್‌ನಲ್ಲಿ ತೆರೆದುಕೊಳ್ಳುತ್ತದೆ. ವೆಲ್ಷ್ ಅನ್ನು ಇಂಗ್ಲಿಷಿಗಿಂತ ಕಡಿಮೆಯಾಗಿ ಕಾಣಬಾರದೆಂಬ ನಿಯಮ ಅವರ 2011ರ ಕಾನೂನಿನಿಂದ ಬಂದದ್ದು. ಕನ್ನಡ ತಾಯ್ನುಡಿಯವರು 2011ರ ಗಣತಿಯಲ್ಲಿಯೇ 4.37 ಕೋಟಿ ಇದ್ದರು.

ಈಗ ಯಂತ್ರವೇ ಅನುವಾದ ಮಾಡುತ್ತದೆಯಲ್ಲ, ಇಷ್ಟೇಕೆ ತಲೆಬಿಸಿ ಎಂದು ಕೆಲವರು ಕೇಳುತ್ತಾರೆ. ಯಂತ್ರಾನುವಾದದ ಬಗ್ಗೆ ನನಗೆ ದ್ವೇಷವಿಲ್ಲ. ಅದನ್ನು ನಾನೂ ದಿನವೂ ಬಳಸುತ್ತೇನೆ. ಆದರೆ 'ಕಥಾವಸ್ತು' ಬಂದದ್ದು ಅಲ್ಲಿಂದಲೇ, ಮತ್ತು ಅದನ್ನು ತಿದ್ದಲು ಓದಿ ನೋಡುವ ಮನುಷ್ಯ ಅಲ್ಲಿ ಇರಲಿಲ್ಲ. ಹಳ್ಳಿಯಲ್ಲಿ ಗ್ರಾಮ ಒನ್ ಸೇವಾ ಕೇಂದ್ರ ಇದೆ, ಅಲ್ಲಿನವರು ತುಂಬಿಕೊಡುತ್ತಾರೆ ಎನ್ನುವುದು ಇನ್ನೊಂದು ವಾದ. ಓದು ಬಾರದವರಿಗೆ ಅದು ದೊಡ್ಡ ಆಸರೆ. ಓದು ಬಲ್ಲ ಚಿಗವ್ವನನ್ನು ಓದು ಬಾರದವಳನ್ನಾಗಿ ಮಾಡಿ ಅಲ್ಲಿಗೆ ಕಳಿಸುವುದು ಬೇರೆ ಮಾತು. ನಾನು ಇಂಗ್ಲಿಷ್ ತೆಗೆಯಿರಿ ಎನ್ನುತ್ತಿಲ್ಲ. ಕನ್ನಡ ಬಾರದ ಲಕ್ಷಾಂತರ ಜನ ಇಲ್ಲಿ ದುಡಿಯುತ್ತಿದ್ದಾರೆ, ಅವರಿಗೂ ಸೇವೆ ಸಿಗಬೇಕು. ಎರಡೂ ಭಾಷೆ ಸಮನಾಗಿ ನಡೆಯಲಿ.

ಒಂದು ತಪ್ಪೊಪ್ಪಿಗೆಯನ್ನು ಇಲ್ಲಿ ಮಾಡಬೇಕು. ಹಲವು ವರ್ಷಗಳ ಹಿಂದೆ ಒಂದು ಕಚೇರಿಯ ಜಾಲತಾಣಕ್ಕೆ ಕನ್ನಡದ ಪಠ್ಯವನ್ನು ಬರೆದುಕೊಟ್ಟವಳು ನಾನೇ. ಮುಂದೆ ಅಲ್ಲಿನ ಶುಲ್ಕ ಬದಲಾಯಿತು. ಇಂಗ್ಲಿಷ್ ಪುಟದಲ್ಲಿ ತಿದ್ದಿದರು, ಕನ್ನಡದಲ್ಲಿ ಹಳೆಯ ಶುಲ್ಕವೇ ಉಳಿಯಿತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಕೆಲಸ ಮುಗಿದಿದೆ, ಹಣ ಬಂದಿದೆ, ಇನ್ನು ನನಗೇನು ಎಂದು ಸುಮ್ಮನಿದ್ದೆ. ಆ ಪುಟವನ್ನು ನಂಬಿ ಕಡಿಮೆ ಹಣ ತಂದು ಕಿಟಕಿಯ ಮುಂದೆ ನಿಂತವರು ಎಷ್ಟು ಜನರೋ. ಆ ಪುಟ ತನ್ನದು ಎನ್ನುವವರು ಆ ಕಚೇರಿಯಲ್ಲಿ ಯಾರೂ ಇರಲಿಲ್ಲ ಎಂಬುದು ನಿಜ. ಕಂಡೂ ಹೇಳದವಳು ನಾನು ಎಂಬುದೂ ಅಷ್ಟೇ ನಿಜ.

ಆದ್ದರಿಂದ ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಪ್ರತಿ ಜಾಲತಾಣದ ಕನ್ನಡಕ್ಕೆ ಒಬ್ಬ ಅಧಿಕಾರಿ ಹೊಣೆಯಾಗಿರಲಿ, ಅವರ ಹುದ್ದೆ ಮತ್ತು ದೂರವಾಣಿ ಪುಟದ ಕೆಳಗೇ ಕಾಣಲಿ. ಎಲ್ಲ ಇಲಾಖೆಗಳಿಗೂ ಒಂದೇ ಪದಪಟ್ಟಿ ಇರಲಿ, ಅದನ್ನು ಕಟ್ಟುವಾಗ ನಾಡಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರನ್ನು ಕೂರಿಸಿಕೊಳ್ಳಲಿ, ಏಕೆಂದರೆ ಜನ ಯಾವ ಪದ ಬಳಸುತ್ತಾರೆ ಎಂಬುದು ಅವರಿಗೆ ಗೊತ್ತು. ಗುತ್ತಿಗೆಯ ಕರಾರಿನಲ್ಲಿಯೇ, ಕನ್ನಡದಲ್ಲಿ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ತುಂಬಿ ತೋರಿಸಿದ ಹೊರತು ಕೊನೆಯ ಕಂತಿನ ಹಣವಿಲ್ಲ ಎಂದು ಬರೆಯಲಿ. ಈ ಮೂರನೆಯದು ಒಂದಾದರೂ ಆದರೆ ಉಳಿದವು ತಾವಾಗಿ ಹಿಂದೆ ಬರುತ್ತವೆ ಎಂದು ನನ್ನ ನಂಬಿಕೆ.

ಬುಧವಾರ ಆ ಇಲಾಖೆಯ ಸಹಾಯವಾಣಿಗೆ ಕರೆ ಮಾಡಿದೆ. ಫೋನ್ ಎತ್ತಿದ ಹುಡುಗ ತಾಳ್ಮೆಯಿಂದ, ಒಳ್ಳೆಯ ಕನ್ನಡದಲ್ಲಿ ಮಾತಾಡಿದ. ಕನ್ನಡ ಪುಟದ ವಿಷಯ ಯಾರಿಗೆ ಹೇಳಬೇಕೆಂದು ಮಾತ್ರ ಅವನಿಗೂ ತಿಳಿದಿರಲಿಲ್ಲ. ಚಿಗವ್ವನೊಡನೆ ಕುಳಿತು ಆ ನಮೂನೆಯ ಪ್ರತಿ ಸಾಲನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಎಲ್ಲೆಲ್ಲಿ ಆಕೆ "ಹಿಂಗ ಅಂದ್ರ ತಿಳಿಯೂದಿಲ್ಲ" ಎಂದಳೋ ಅಲ್ಲೆಲ್ಲ ಬದಲಾಯಿಸಿದ್ದೇನೆ. ನಾಲ್ಕು ಪುಟವಾಗಿದೆ. ನಾಳೆ ಸ್ಪೀಡ್ ಪೋಸ್ಟಿನಲ್ಲಿ ಇಲಾಖೆಯ ಆಯುಕ್ತರಿಗೆ ಕಳಿಸುತ್ತಿದ್ದೇನೆ, ಕೆಳಗೆ ನಮ್ಮಿಬ್ಬರ ಸಹಿಯೂ ಇದೆ.